ಜೋರಾಗಿ ಕೇಳುವ ಆಂಟೆನಾಗಳೇ ಬೇಕಾ?

ಹೋದ ತಿಂಗಳು ಒಬ್ಬ ಹುಡುಗ ರೇಡಿಯೋ ಬೋರ್ಡ್ ಹಿಡಿದುಕೊಂಡು ಬಂದ. ಎಂಟು ಆಂಟೆನಾ, ಎರಡೇ ಆರ್‌ಎಫ್ ಚೈನ್ (ಆಂಟೆನಾ ಹಿಡಿದ ಸಿಗ್ನಲ್ ಅನ್ನು ಹಿಗ್ಗಿಸಿ ಅಂಕಿಗಳಾಗಿಸುವ ಸರ್ಕ್ಯೂಟ್), ಎಂಟರಲ್ಲಿ ಎರಡನ್ನು ಆರಿಸಿ ಚೈನ್‌ಗೆ ಜೋಡಿಸಲು ನಡುವೆ ಒಂದು ಸ್ವಿಚ್. ಈ ಲೆಕ್ಕಾಚಾರ ಸರಿಯಾದದ್ದೇ. ಆಂಟೆನಾ ಅಂದರೆ ತಗಡಿನ ತುಂಡು, ಅಗ್ಗ. ದುಡ್ಡೂ ಬ್ಯಾಟರಿಯೂ ಖರ್ಚಾಗುವುದು ಅದರ ಹಿಂದಿನ ಚೈನ್‌ಗೆ.

"ಸಾರ್, ಎಂಟರಲ್ಲಿ ಯಾವಾಗಲೂ ಜಾಸ್ತಿ ಸಿಗ್ನಲ್ ಇರೋ ಎರಡನ್ನೇ ತಗೊಳ್ತೀನಿ. ಆದ್ರೂ ಸ್ಪೀಡ್ ಏರ್ತಿಲ್ಲ" ಅಂದ.

ಅವನ ಪ್ರೋಗ್ರಾಮ್ ಪದೇ ಪದೇ ಆರಿಸುತ್ತಿದ್ದದ್ದು ಮೂರು ಮತ್ತು ನಾಲ್ಕನೇ ಆಂಟೆನಾಗಳನ್ನು. ಸ್ಕೇಲ್ ಇಟ್ಟು ಅಳೆದೆ. ನಡುವೆ ಒಂದೂವರೆ ಸೆಂಟಿಮೀಟರ್! 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 12.5 ಸೆಂಟಿಮೀಟರ್. ಅಷ್ಟು ಹತ್ತಿರ ಕೂತ ಎರಡು ಆಂಟೆನಾಗಳಿಗೆ ಕೇಳಿಸುವುದು ಹೆಚ್ಚುಕಮ್ಮಿ ಒಂದೇ.

ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅನುಭವಸ್ಥರೂ ಮಾಡುತ್ತಾರೆ. ಒಂದೇ ಆಂಟೆನಾ ಇದ್ದ ಕಾಲದ ಅಭ್ಯಾಸ ಇದು: ಜೋರಾಗಿದ್ದರೆ ಒಳ್ಳೆಯದು. ಮೈಮೋದಲ್ಲಿ, ಅಂದರೆ ಹಲವು ಆಂಟೆನಾ ಇಟ್ಟು ಒಂದೇ ಸಮಯಕ್ಕೆ ಹಲವು ಡೇಟಾ ಹರಿವು (ಸ್ಟ್ರೀಮ್) ಕಳಿಸುವ ವಿಧಾನದಲ್ಲಿ, ಅಷ್ಟು ಸಾಲದು. ಎರಡು ಸ್ಟ್ರೀಮ್ ಬಿಡಿಸಿಕೊಳ್ಳಬೇಕಾದರೆ ಎರಡು ಆಂಟೆನಾಗಳು ಆ ಎರಡನ್ನು ಬೇರೆ ಬೇರೆ ಬೆರಕೆಯಲ್ಲಿ ಕೇಳಬೇಕು. x + y = 10 ಅನ್ನುವ ಸಮೀಕರಣವನ್ನು ಎರಡು ಸಲ ಬರೆದುಕೊಟ್ಟರೆ x ಎಷ್ಟು ಅಂತ ಹೇಳಲು ಬರುತ್ತಾ?

ಒಂದು ಚಿಕ್ಕ ಲೆಕ್ಕ ನೋಡಿ. ಕಳಿಸುವ ಕಡೆ ಎರಡು ಆಂಟೆನಾ. ಕೇಳುವ ಕಡೆ ಅ, ಆ, ಇ ಎಂಬ ಮೂರರಲ್ಲಿ ಎರಡನ್ನು ಆರಿಸಬೇಕು. ಅ ಮತ್ತು ಆ ಎರಡಕ್ಕೂ ಬರುವುದು (1, 1): ಕಳಿಸುವ ಒಂದೊಂದು ಆಂಟೆನಾದಿಂದ ಎಷ್ಟು ಅನ್ನುವ ಅಂಕಿ. ಇ ಗೆ ಬರುವುದು (0.7, -0.7), ಅಂದರೆ ಸುಮಾರು ಅರ್ಧ ಶಕ್ತಿ, 3 ಡಿಬಿ ಕಮ್ಮಿ. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ, 20 ಡಿಬಿ (ನೂರು ಪಟ್ಟು) ಇರಲಿ. ಅ ಒಂದೇ ಇದ್ದರೆ ಕೆಪ್ಯಾಸಿಟಿ (ತಪ್ಪಿಲ್ಲದೆ ಸಾಗಿಸಬಹುದಾದ ಗರಿಷ್ಠ ಡೇಟಾ) ಹರ್ಟ್ಸ್‌ಗೆ ಸೆಕೆಂಡಿಗೆ 6.7 ಬಿಟ್. ಅ ಜೊತೆ ಆ ಸೇರಿಸಿದರೆ 7.7. ಇನ್ನೊಂದು ಇಡೀ ಚೈನ್ ಹಾಕಿ ಗಳಿಸಿದ್ದು ಒಂದೇ ಒಂದು ಬಿಟ್! ಅ ಜೊತೆ ಬಡಪಾಯಿ ಇ ಯನ್ನು ಸೇರಿಸಿ: 12.3.

ಹಾಗಂತ ಶಕ್ತಿಗೆ ಬೆಲೆಯೇ ಇಲ್ಲ ಅಂತ ಓಡಬೇಡಿ. ಇದೇ ಲೆಕ್ಕವನ್ನು 0 ಡಿಬಿಯಲ್ಲಿ, ಅಂದರೆ ಸಿಗ್ನಲ್ ಗದ್ದಲದಷ್ಟೇ ಇರುವಾಗ, ಮಾಡಿದರೆ ಎರಡೂ ಜೋಡಿ ಹೆಚ್ಚುಕಮ್ಮಿ ಸರಿಸಮ. ಅದಕ್ಕೂ ಕೆಳಗಿಳಿದರೆ ಜೋರಾದ ಜೋಡಿಯೇ ಗೆಲ್ಲುತ್ತದೆ. ಗದ್ದಲದಲ್ಲಿ ಮುಳುಗಿರುವಾಗ ಎರಡು ಮಾತು ಬಿಡಿಸುವುದಿರಲಿ, ಒಂದು ಮಾತು ಕೇಳಿಸಿದರೆ ಸಾಕು. ಆದ್ದರಿಂದ "ಯಾವುದು ಒಳ್ಳೆಯದು ಸಾರ್?" ಅಂತ ಫೋನಿನಲ್ಲಿ ಕೇಳಿದರೆ ನಾನು ಮೊದಲು ಎಸ್‌ಎನ್‌ಆರ್ ಕೇಳುತ್ತೇನೆ. ಅಂತರದ ವಿಷಯವೂ ಹಾಗೆಯೇ. ಆಂಟೆನಾಗಳ ನಡುವೆ ಅರ್ಧ ಅಲೆಯಷ್ಟು ದೂರ ಸಾಕು ಅನ್ನುವ ಮಾತು ಸಿಗ್ನಲ್ ಸುತ್ತಲೂ ಚದುರಿ ಬರುವ ಕಡೆ ಸರಿ. ಎತ್ತರದ ಟವರ್ ಮೇಲೆ ಸಿಗ್ನಲ್ ಕಿರಿದಾದ ಕೋನದಲ್ಲಿ ಬರುತ್ತದೆ, ಅಲ್ಲಿ ಹಲವು ಅಲೆಗಳಷ್ಟು ದೂರ ಬೇಕಾಗಬಹುದು.

ಎಲ್ಲ ಜೋಡಿಗಳನ್ನೂ ಲೆಕ್ಕ ಹಾಕಿಬಿಡಬಹುದಲ್ಲ ಅಂತ ಕೇಳಬಹುದು. ಎಂಟರಲ್ಲಿ ಎರಡಾದರೆ 28 ಜೋಡಿ, ಧಾರಾಳವಾಗಿ ಹಾಕಿ. ಹದಿನಾರರಲ್ಲಿ ನಾಲ್ಕಾದರೆ 1820. ಆಗ ಒಂದೊಂದಾಗಿ ಆರಿಸುವುದು ವಾಸಿ. ಮೊದಲು ಜೋರಾದದ್ದನ್ನು ತೆಗೆದುಕೊಳ್ಳಿ. ಆಮೇಲೆ ಪ್ರತಿ ಸಲ ಸುಮ್ನೆ ಶಕ್ತಿ ನೋಡಬೇಡಿ, ಈಗಾಗಲೇ ಆರಿಸಿದವುಗಳ ಜೊತೆ ಸೇರಿದಾಗ ಯಾವುದು ಕೆಪ್ಯಾಸಿಟಿಯನ್ನು ಜಾಸ್ತಿ ಏರಿಸುತ್ತದೆ ಅಂತ ನೋಡಿ. ಇದು ಪ್ರತಿ ಸಲವೂ ಅತ್ಯುತ್ತಮ ಉತ್ತರ ಕೊಡುತ್ತದೆ ಅಂತ ಬರೆದುಕೊಡಲಾರೆ. ಸಾಮಾನ್ಯವಾಗಿ ಹತ್ತಿರಕ್ಕಂತೂ ಬರುತ್ತದೆ.

ಹುಡುಗನಿಗೆ ಮೂರು ಮತ್ತು ಏಳನ್ನು ಹಾಕಿಸಿದೆ. ಏಳನೆಯದರ ಸಿಗ್ನಲ್ ಕಮ್ಮಿ ಅಂತ ಅವನು ಮುಖ ಸಣ್ಣದು ಮಾಡಿದ. ಸ್ಪೀಡ್ ಏರಿದ ಮೇಲೆ ನಗು ಬಂತು.

ಮೊನ್ನೆ ಮತ್ತೆ ಫೋನ್. "ಸಾರ್, ಮೇಜಿನ ಮೇಲಿಟ್ಟರೆ ಚೆನ್ನಾಗಿದೆ. ಕೈಯಲ್ಲಿ ಹಿಡಿದು ಓಡಾಡಿದ್ರೆ ಕೆಡತ್ತೆ." ಎಷ್ಟು ಹೊತ್ತಿಗೊಮ್ಮೆ ಚಾನೆಲ್ (ಯಾವ ಆಂಟೆನಾಗೆ ಸಿಗ್ನಲ್ ಹೇಗೆ ಬರುತ್ತಿದೆ ಅನ್ನುವುದು) ಅಳೆಯುತ್ತೀಯಾ ಅಂದೆ. ಸೆಕೆಂಡಿಗೆ ಒಂದು ಸಲವಂತೆ. ಸೆಕೆಂಡಿಗೆ ಒಂದು ಮೀಟರ್ ನಡೆದರೂ ಅರ್ಧ ಅಲೆ ದಾಟಲು ಸುಮಾರು 60 ಮಿಲಿಸೆಕೆಂಡ್ ಸಾಕು, ಅಷ್ಟರಲ್ಲಿ ಚಾನೆಲ್ ಬದಲಾಗಿ ಹಳೆಯ ಅಳತೆ ಕೆಲಸಕ್ಕೆ ಬಾರದಾಗುತ್ತದೆ. ಅದರ ಮೇಲೆ ಎರಡು ಚೈನ್‌ನಲ್ಲಿ ಎಂಟು ಆಂಟೆನಾ ಅಳೆಯಲು ನಾಲ್ಕು ಸರದಿ ಬೇರೆ. ಬೋರ್ಡ್ ಈಗ ಮತ್ತೆ ನನ್ನ ಮೇಜಿನ ಮೇಲಿದೆ.