ಕೊಟ್ಟ ಹಾಲು, ದಕ್ಕಿದ ಹಾಲು

ಟ್ಯೂಬ್ ಮೂಲಕ ಹಾಲು ಪಡೆಯುವ ಮಗುವಿಗೆ ದಿನಕ್ಕೆ ಎಷ್ಟು ಮಿಲಿಲೀಟರ್ ಹೋಯಿತೆಂಬ ಲೆಕ್ಕ ಪಕ್ಕಾ ಇರುತ್ತದೆ. ಆದರೂ ತೂಕ ಏರದಿದ್ದರೆ, ಪ್ರಮಾಣ ಹೆಚ್ಚಿಸುವ ಮೊದಲು ಕೊಟ್ಟದ್ದರಲ್ಲಿ ದಕ್ಕಿದ್ದೆಷ್ಟು ಎಂದು ನೋಡಬೇಕು.

4 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 150 ಮಿ.ಲೀ.ನಂತೆ ದಿನಕ್ಕೆ 600 ಮಿ.ಲೀ. ಹಾಲು ಕೊಡುತ್ತಿದ್ದಾರೆ ಎನ್ನೋಣ. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 67 ಕ್ಯಾಲೊರಿ ಇರುವುದರಿಂದ, ಮಗುವಿಗೆ ಕೆ.ಜಿ.ಗೆ 100 ಕ್ಯಾಲೊರಿ ಸಿಕ್ಕಂತಾಯಿತು. ಆದರೆ ದಿನದ ಎಂಟು ಸಲದಲ್ಲಿ ಪ್ರತಿ ಸಲವೂ 15 ಮಿ.ಲೀ. ವಾಂತಿಯಾದರೆ ಆ ನೂರು 80ಕ್ಕೆ ಇಳಿಯುತ್ತದೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗುವಿಗೆ ಉಸಿರಾಟಕ್ಕೇ ಹೆಚ್ಚು ಶಕ್ತಿ ಬೇಕು. 120 ಅಥವಾ ಅದಕ್ಕೂ ಮಿಕ್ಕಿ ಬೇಕಾಗಬಹುದು.

ವಾಂತಿಗೆ ಸಾಮಾನ್ಯ ಕಾರಣ ಅವಸರ. ಸಿರಿಂಜಿನ ಪಿಸ್ಟನ್ ಒತ್ತಿ ತಳ್ಳಬಾರದು. ಹಾಲು ತನ್ನ ಭಾರಕ್ಕೇ ಇಳಿಯಲಿ. ಸಿರಿಂಜನ್ನು ಎತ್ತಿದಷ್ಟೂ ವೇಗ ಹೆಚ್ಚು, ತಗ್ಗಿಸಿದಷ್ಟೂ ಕಡಿಮೆ. ಒಂದು ಸಲದ ಹಾಲು ಇಳಿಯಲು 20ರಿಂದ 30 ನಿಮಿಷ ಹಿಡಿಯಲಿ. ಆಮೇಲೆ ಅರ್ಧ ಗಂಟೆ ಮಗುವಿನ ತಲೆ, ಎದೆ ಎತ್ತರದಲ್ಲಿರಲಿ. ಇಷ್ಟಾದರೂ ಕಕ್ಕಿದರೆ ಪ್ರತಿ ಸಲದ ಪ್ರಮಾಣ ತಗ್ಗಿಸಿ ಸಲಗಳನ್ನು ಹೆಚ್ಚಿಸುವ ಬಗ್ಗೆ ವೈದ್ಯರನ್ನು ಕೇಳಿ. ಕಡಿಮೆ ಕೊಟ್ಟಾಗ ಹೆಚ್ಚು ದಕ್ಕುವುದು ನಿಜಕ್ಕೂ ಉಂಟು. ಮೂಗಿನ ಟ್ಯೂಬಾದರೆ ಅದರ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ತಿಳಿಯಲು ಪ್ರತಿ ಸಲವೂ ಮೊದಲು ಒಂದಿಷ್ಟು ದ್ರವ ಎಳೆದು, ಹುಳಿಯ (ಆಮ್ಲದ) ಮಟ್ಟ ತೋರಿಸುವ ಪಿಹೆಚ್ ಪಟ್ಟಿಯಲ್ಲಿ ನೋಡಬೇಕು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಹಾಲು ಕೊಡಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಹಿಂಡಿದ ಎದೆಹಾಲನ್ನು ಇಟ್ಟರೆ ಕೊಬ್ಬು ಮೇಲೆ ತೇಲುತ್ತದೆ, ಪಾತ್ರೆಗೂ ಕೊಳವೆಗೂ ಅಂಟಿಕೊಳ್ಳುತ್ತದೆ. ಎದೆಹಾಲಿನ ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬಿನದೇ ಆದ್ದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ. ಪಂಪಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಹರಿಸುವಾಗ ನಷ್ಟ ಹೆಚ್ಚು. ಕೊಡುವ ಮುನ್ನ ಹಾಲನ್ನು ಮೆಲ್ಲಗೆ ತಿರುಗಿಸಿ ಬೆರೆಸಿ, ಸಂಪರ್ಕದ ಕೊಳವೆ ಗಿಡ್ಡವಿರಲಿ. ಸಿರಿಂಜ್ ಪಂಪ್ ಆದರೆ ಮೂತಿ ಮೇಲ್ಮುಖವಾಗಿರುವಂತೆ ಓರೆಯಾಗಿಡಿ. ತೇಲಿದ ಕೊಬ್ಬು ಆಗ ಸಿರಿಂಜಿನಲ್ಲೇ ಉಳಿಯದೆ ಮೊದಲು ಹೊರಡುತ್ತದೆ.

ಇವೆಲ್ಲ ಸರಿಯಿದ್ದೂ ತೂಕ ನಿಂತಿದ್ದರೆ ಹಾಲಿಗೆ ಶಕ್ತಿ ಸೇರಿಸುವ ಮಾತು ಬರುತ್ತದೆ. ಆ ಪ್ರಮಾಣವನ್ನು ವೈದ್ಯರು ಅಥವಾ ಆಹಾರತಜ್ಞರೇ ಬರೆದುಕೊಡಬೇಕು. ಅಂದಾಜಿಗೆ ಒಂದು ಚಮಚ ಪುಡಿ ಹೆಚ್ಚು ಹಾಕಿದರೆ ಹಾಲು ಗಟ್ಟಿಯಾಗಿ ಭೇದಿ ಆಗಬಹುದು, ಮೂತ್ರಪಿಂಡದ ಮೇಲೆ ಹೊರೆ ಬಿದ್ದು ಮಗುವಿನ ನೀರಿನಂಶವೂ ಇಳಿಯಬಹುದು. ಕರುಳನ್ನು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಹೊರಗೆ ತೆರೆದಿರುವ ಮಕ್ಕಳಲ್ಲಿ ಸೋಡಿಯಂ ಸೋರಿಹೋಗಿ, ಕ್ಯಾಲೊರಿ ಸಾಕಷ್ಟಿದ್ದರೂ ಬೆಳವಣಿಗೆ ನಿಲ್ಲುವುದುಂಟು. ಇದು ರಕ್ತ, ಮೂತ್ರದ ಪರೀಕ್ಷೆಯಲ್ಲಿ ತಿಳಿಯುತ್ತದೆ.

ತೂಕ ನೋಡುವುದು ಯಾವಾಗಲೂ ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ, ಹಾಲು ಕೊಡುವ ಮೊದಲು. ದಿನ ತುಂಬಿ ಹುಟ್ಟಿದ ಮಗು ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತದೆ. ಒಂದು ದಿನದ ಏರಿಳಿತಕ್ಕಿಂತ ವಾರದ ಸರಾಸರಿಯನ್ನು ನಂಬಿ. ಹೃದಯದ ತೊಂದರೆಯಿರುವ ಮಗುವಿನ ತೂಕ ಒಂದೆರಡು ದಿನದಲ್ಲೇ ದಿಢೀರನೆ ಏರಿ, ಕಣ್ಣಿನ ಸುತ್ತ ಊದಿ, ಉಸಿರಾಟ ವೇಗವಾದರೆ ಅದು ಬೆಳವಣಿಗೆಯಲ್ಲ, ಮೈಯಲ್ಲಿ ನೀರು ನಿಂತ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.