ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ: ಗಿಟ್ ಮಿರರ್‌ಗೆ ಪಾಸ್‌ವರ್ಡ್ ಕೇಳದ ಕೀ

ಪ್ರಶ್ನೆ: ನಮ್ಮ ಆಫೀಸು ಮೈಸೂರಿನ ಹೆಬ್ಬಾಳದಲ್ಲಿದೆ, ಕೋಡ್ ಗಿಟ್‌ಹಬ್ ಅನ್ನುವ ಆನ್‌ಲೈನ್ ತಾಣದಲ್ಲಿದೆ. ಅದರ ನಕಲು (ಮಿರರ್) ದಿನಾ ರಾತ್ರಿ ಮಂಡ್ಯದ ಶಾಖೆಯ ಲಿನಕ್ಸ್ ಮಷೀನಿಗೆ ತಾನಾಗಿ ಬರಬೇಕು. ನಾನೇ ಲಾಗಿನ್ ಆಗಿ ಸ್ಕ್ರಿಪ್ಟ್ ಓಡಿಸಿದರೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ತಾನಾಗಿ ಓಡಿಸುವ ಕ್ರಾನ್‌ಗೆ ಹಾಕಿದರೆ ‘ಪರ್ಮಿಶನ್ ಡಿನೈಡ್’. ಯಾಕೆ?

ಉತ್ತರ: ಗಿಟ್‌ಹಬ್‌ಗೆ ಸುರಕ್ಷಿತವಾಗಿ ಕನೆಕ್ಟ್ ಆಗುವ ದಾರಿ ಎಸ್‌ಎಸ್‌ಎಚ್; ಅಲ್ಲಿ ನೀವು ಯಾರೆಂದು ತೋರಿಸುವ ಫೈಲೇ ಕೀ, ಅದಕ್ಕೆ ಹಾಕಿದ ಗುಟ್ಟಿನ ಪದ ಪಾಸ್‌ಫ್ರೇಸ್. ನೀವು ಲಾಗಿನ್ ಆದಾಗ ಎಸ್‌ಎಸ್‌ಎಚ್-ಏಜೆಂಟ್ ಅನ್ನುವ ಪ್ರೋಗ್ರಾಂ ನಿಮ್ಮ ಕೀಯನ್ನು ಬಿಚ್ಚಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಆ ಏಜೆಂಟ್ ಎಲ್ಲಿದೆ ಅನ್ನುವುದು ಕ್ರಾನ್‌ಗೆ ಗೊತ್ತಿಲ್ಲ. ಕೀ ಫೈಲು ಪಾಸ್‌ಫ್ರೇಸ್ ಕೇಳುತ್ತದೆ, ರಾತ್ರಿ 2 ಗಂಟೆಗೆ ಹೇಳುವವರು ಯಾರೂ ಇರುವುದಿಲ್ಲ. ಕೆಲಸವನ್ನು ರೂಟ್‌ನ (ಮಷೀನಿನ ಮುಖ್ಯ ಯೂಸರ್) ಕ್ರಾನ್‌ಟ್ಯಾಬಿಗೆ, ಅಂದರೆ ಕ್ರಾನ್ ಕೆಲಸಗಳ ಪಟ್ಟಿಗೆ, ಹಾಕಿದ್ದರೆ ಇನ್ನೂ ಒಂದು ತೊಡಕು: ಕೀ ಹುಡುಕುವುದು ರೂಟ್‌ನ ಹೋಮ್‌ನಲ್ಲಿ, ನಿಮ್ಮದರಲ್ಲಲ್ಲ.

ಹಾಗಂತ ನಿಮ್ಮ ಸ್ವಂತ ಕೀಯ ಪಾಸ್‌ಫ್ರೇಸ್ ಕಿತ್ತುಹಾಕಬೇಡಿ. ಹಾಲು ಹಾಕುವವನಿಗೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗಾಗುತ್ತದೆ. ಈ ಕೆಲಸಕ್ಕೆಂದೇ ‘ಮಿರರ್’ ಅಂತ ಬೇರೆ ಯೂಸರ್ ಮಾಡಿ, ಆ ಯೂಸರ್ ಆಗಿಯೇ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ; ಅದು ಕೀ ಜೋಡಿ ಮಾಡಿಕೊಡುತ್ತದೆ, ಮಷೀನಿನಲ್ಲೇ ಇರುವ ಪ್ರೈವೇಟ್ ಮತ್ತು ಹೊರಗೆ ಕೊಡುವ ಪಬ್ಲಿಕ್. ಟೈಪ್ ಇಡಿ25519 ಇರಲಿ, ಪಾಸ್‌ಫ್ರೇಸ್ ಕೇಳಿದಾಗ ಎರಡು ಸಲ ಬರೀ ಎಂಟರ್. ಪಬ್ಲಿಕ್ ಕೀಯನ್ನು ಗಿಟ್‌ಹಬ್‌ನಲ್ಲಿ ಆ ರೆಪೊದ (ಕೋಡ್ ಭಂಡಾರದ) ‘ಡಿಪ್ಲಾಯ್ ಕೀ’ ಆಗಿ ಸೇರಿಸಿ, ಬರೆಯುವ ಅನುಮತಿ ಟಿಕ್ ಮಾಡಬೇಡಿ. ಈ ಕೀ ಕಳುವಾದರೂ ಕದ್ದವನು ಆ ಒಂದು ರೆಪೊ ಓದಬಲ್ಲ, ಅಷ್ಟೇ. ಒಂದು ಡಿಪ್ಲಾಯ್ ಕೀ ಒಂದೇ ರೆಪೊಗೆ. ಎರಡನೆಯದಕ್ಕೆ ಹಾಕಹೋದರೆ ‘ಕೀ ಆಗಲೇ ಬಳಕೆಯಲ್ಲಿದೆ’ ಅನ್ನುತ್ತದೆ. ಹತ್ತು ರೆಪೊ ಇದ್ದರೆ ಹತ್ತು ಕೀ, ಯಾವ ರೆಪೊಗೆ ಯಾವ ಕೀ ಅಂತ ತಿಳಿಸಲು ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಹತ್ತು ಹೋಸ್ಟ್ (ಸರ್ವರ್) ಅಡ್ಡಹೆಸರು. ಬೇಜಾರಿನ ಕೆಲಸವೇ, ಆದರೆ ಒಂದು ಸಲದ್ದು. ಪ್ರತಿ ಅಡ್ಡಹೆಸರಿನ ಕೆಳಗೂ ‘ಐಡೆಂಟಿಟೀಸ್‌ಓನ್ಲಿ ಯೆಸ್’ ಹಾಕಿ, ಆಗ ಅಲ್ಲಿ ಬರೆದ ಕೀ ಮಾತ್ರ ಹೋಗುತ್ತದೆ.

ಫೈಲ್ ಅನುಮತಿ ಪ್ರೈವೇಟ್ ಕೀಗೆ 600, ಅದಿರುವ ಡಾಟ್‌ಎಸ್‌ಎಸ್‌ಎಚ್ ಫೋಲ್ಡರಿಗೆ 700 ಇರಲಿ; ಅಂದರೆ ಆ ಯೂಸರ್ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಕೀ ಫೈಲನ್ನು ಬೇರೆಯವರು ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದೇ ಇಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮೊದಲ ಸಲ ಕನೆಕ್ಟ್ ಆಗುವಾಗ ಸರ್ವರಿನ ಗುರುತು ನಂಬಬಹುದಾ ಅಂತ ಕೇಳುತ್ತದೆ, ಕ್ರಾನ್ ‘ಯೆಸ್’ ಅನ್ನಲಾರದು. ಈ ಗುರುತಿನ (ಹೋಸ್ಟ್ ಕೀಯ) ಪರೀಕ್ಷೆಯನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ; ಆ ಮಾತು ಕೇಳಬೇಡಿ. ಮಿರರ್ ಯೂಸರ್ ಆಗಿ ಒಮ್ಮೆ ಕೈಯಾರೆ ಕನೆಕ್ಟ್ ಆಗಿ, ಗಿಟ್‌ಹಬ್ ಪ್ರಕಟಿಸಿರುವ ಫಿಂಗರ್‌ಪ್ರಿಂಟ್ (ಹೋಸ್ಟ್ ಕೀಯ ಚಿಕ್ಕ ರೂಪ) ಜೊತೆ ತಾಳೆ ನೋಡಿ ಒಪ್ಪಿಕೊಳ್ಳಿ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀ ಬದಲಿಸಿತು. ಹಳೆಯ ಸಾಲು ನೋನ್‌ಹೋಸ್ಟ್ಸ್‌ನಲ್ಲಿ (ಒಪ್ಪಿಕೊಂಡ ಸರ್ವರ್‌ಗಳ ಪಟ್ಟಿಯ ಫೈಲು) ಉಳಿದಿದ್ದರೆ ಅದನ್ನು ತೆಗೆಯಿರಿ.

ಆ ಕನೆಕ್ಷನ್‌ಗೆ ಬರುವ ‘ಹಾಯ್’ ಸಾಲನ್ನು ಗಮನಿಸಿ. ಹಾಯ್ ಮುಂದೆ ರೆಪೊ ಹೆಸರು ಬಂದರೆ ಸರಿ. ನಿಮ್ಮ ಹೆಸರು ಬಂದರೆ ನಿಮ್ಮ ಸ್ವಂತ ಕೀ ಹೋಗಿದೆ ಎಂದರ್ಥ. ಎಲ್ಲ ಸರಿಯಿದ್ದರೂ ಈ ಪರೀಕ್ಷೆಯ ಎಕ್ಸಿಟ್ ಕೋಡ್ 1, ಅಂದರೆ ‘ವಿಫಲ’; ಹಾಗಾಗಿ ಸ್ಕ್ರಿಪ್ಟಿನಲ್ಲಿ ಸೇರಿಸಬೇಡಿ. ಸ್ಕ್ರಿಪ್ಟಿನ ಎಸ್‌ಎಸ್‌ಎಚ್‌ಗೆ ‘ಬ್ಯಾಚ್‌ಮೋಡ್ ಯೆಸ್’ ಕೊಟ್ಟಿರಿ: ಏನಾದರೂ ಕೇಳಬೇಕಾಗಿ ಬಂದರೆ ನೇತಾಡುತ್ತಾ ಕೂರದೆ ಎರರ್ ಕೊಟ್ಟು ಹೊರಬೀಳುತ್ತದೆ.

ಉಳಿದದ್ದು ಸುಲಭ. ಮೊದಲು ಒಮ್ಮೆ ‘ಗಿಟ್ ಕ್ಲೋನ್ --ಮಿರರ್’, ಆಮೇಲೆ ರಾತ್ರಿ ‘ಗಿಟ್ ರಿಮೋಟ್ ಅಪ್‌ಡೇಟ್ --ಪ್ರೂನ್’. ಪ್ರೂನ್ ಇದ್ದರೆ, ಹೆಬ್ಬಾಳದಲ್ಲಿ ಯಾರೋ ಗಿಟ್‌ಹಬ್‌ನ ಬ್ರಾಂಚ್ (ಕೋಡಿನ ಕವಲು) ಅಳಿಸಿದರೆ ಮಂಡ್ಯದಲ್ಲೂ ಅದೇ ರಾತ್ರಿ ಅಳಿಯುತ್ತದೆ. ಬ್ಯಾಕಪ್ಪೂ ಬೇಕಿದ್ದರೆ ವಾರಕ್ಕೊಂದು ‘ಗಿಟ್ ಬಂಡಲ್’ (ರೆಪೊವನ್ನು ಒಂದೇ ಫೈಲಾಗಿ ಕಟ್ಟುವುದು) ಮಾಡಿ, ಫೈಲಿಗೆ ತಾರೀಖಿನ ಹೆಸರಿಟ್ಟು ಬೇರೆ ಡಿಸ್ಕಿನಲ್ಲಿಡಿ.