ಹಳ್ಳದಲ್ಲೊಬ್ಬ ಕುಂಬಾರ

ಮಳೆಗಾಲದ ರಾತ್ರಿ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಹಳ್ಳಕ್ಕೆ ಇಳಿದರೆ ಮೊದಲು ಕೇಳುವುದು ಬರೀ ನೀರಿನ ಸದ್ದು. ಕಿವಿ ಅದಕ್ಕೆ ಒಗ್ಗಿದ ಮೇಲೆ ಇನ್ನೊಂದು ಸದ್ದು ಬೇರೆಯಾಗಿ ಕೇಳತೊಡಗುತ್ತದೆ. ಟೊಕ್. ಸ್ವಲ್ಪ ಬಿಟ್ಟು ಮತ್ತೆ ಟೊಕ್. ಬೆರಳ ಗೆಣ್ಣಿನಿಂದ ಒಣಮರ ಕುಟ್ಟಿದ ಹಾಗೆ. ಅದು ಗಂಡು ಕುಂಬಾರ ಕಪ್ಪೆ.

ಈ ಕಪ್ಪೆಯನ್ನು ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು 2014ರಲ್ಲಿ ಹೊಸ ಪ್ರಭೇದವೆಂದು ಲೋಕಕ್ಕೆ ತಿಳಿಸಿದರು. ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ನಮ್ಮ ಮಾತಿನ ಒಂದು ಶಬ್ದ ಹಾಗೇ ಹೋಗಿ ಕೂತಿದೆ. ಸುಮ್ನೆ ಇಟ್ಟ ಹೆಸರಲ್ಲ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಮುಂದಿನ ಕೆಲಸವೆಲ್ಲ ಗಂಡಿನದು.

ನಾನು ಅದನ್ನು ಸರಿಯಾಗಿ ಕಂಡಿದ್ದು ಮೂರನೇ ಮಳೆಗಾಲದಲ್ಲಿ. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು, ಉಂಬಳಗಳಿಗೆ ಕಾಲು ಬಿಟ್ಟುಕೊಟ್ಟು, ಕಲ್ಲಿನ ಮೇಲೆ ಅಲ್ಲಾಡದೆ ಕೂತಿದ್ದೆ. ಗಂಡು ತಳದ ಕೆಸರನ್ನು ಮುಂಗೈಗಳಲ್ಲಿ ಎತ್ತಿತು. ಹಿಂಗಾಲ ಮೇಲೆ ನೆಟ್ಟಗೆ ನಿಂತು ಮೊಟ್ಟೆಗಳಿಗೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಎತ್ತಿತು. ಅಜ್ಜಿ ಒಲೆ ಸಾರಿಸುತ್ತಿದ್ದಳಲ್ಲ, ಹಾಗೆ ಒಂದೇ ಹದ, ಒಂದೇ ನಿಧಾನ. ಕಡೆಗೆ ಮೊಟ್ಟೆ ಕಾಣಿಸಲೇ ಇಲ್ಲ, ಕಡ್ಡಿಗೆ ಕೆಸರು ಹತ್ತಿದ ಹಾಗಷ್ಟೇ ಇತ್ತು. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂಬುದಕ್ಕೆ ಇರಬೇಕು ಈ ಗಿಲಾವು. 2014ರ ಆ ವರದಿಯವರೆಗೆ ಪ್ರಪಂಚದ ಬೇರೆ ಯಾವ ಕಪ್ಪೆಯಲ್ಲೂ ಇಂಥ ಆರೈಕೆ ದಾಖಲಾಗಿರಲಿಲ್ಲ.

ಇದನ್ನು ಹೇಳಿದಾಗ ಪಕ್ಕದ ತೋಟದ ಹಿರಿಯರೊಬ್ಬರು ಕೇಳಿದ್ದು ನೆನಪಿದೆ. "ನಮ್ಮನೆ ಹಳ್ಳದಲ್ಲಿ ಇದು ಮೊದಲಿಂದ್ಲೂ ಕೂಗ್ತಿತ್ತು ತಮಾ, ಹೊಸತು ಎಂತದು?"

ಪ್ರಶ್ನೆ ಸರಿಯಾಗಿಯೇ ಇದೆ. ಕಪ್ಪೆ ಹೊಸತಲ್ಲ, ಅದರ ವಂಶ ನಮ್ಮ ಘಟ್ಟದ ಬಹಳ ಹಳೆಯ ವಂಶ. ಅದು ಬೇರೆ ಎಂದು ಗೊತ್ತಾಗಿದ್ದು ಹೊಸತು. ಅದೇ ಹಳ್ಳದ ಆಸುಪಾಸಿನಲ್ಲಿ ಅದರ ಹತ್ತಿರದ ನೆಂಟರು ಇನ್ನಿಬ್ಬರಿದ್ದಾರೆ. ಒಂದಕ್ಕೆ ಜೋಗದ ಹೆಸರೇ ಇದೆ, ನಿಕ್ಟಿಬ್ಯಾಟ್ರಾಕಸ್ ಜೋಗ್. ಇನ್ನೊಂದು ಕೆಂಪುಹೊಳೆಯ ಇರುಳುಗಪ್ಪೆ. ಸುಕ್ಕು ಚರ್ಮ, ಕಂದು ಬಣ್ಣ. ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಟ್ಟರೆ ಎಲ್ಲವೂ ಕಪ್ಪೆಯೇ. ಆದರೆ ಗಾತ್ರ ಬೇರೆ, ಕೂಗು ಬೇರೆ, ಮೊಟ್ಟೆ ಇಡುವ ಕ್ರಮ ಬೇರೆ. ಮೈ ಅಳತೆ ಮತ್ತು ಡಿಎನ್‌ಎ ಎರಡೂ ಕುಂಬಾರ ಪ್ರತ್ಯೇಕ ಪ್ರಭೇದ ಎಂದು ತೋರಿಸಿದವು. ಹಾಗಿದ್ದರೂ ಕೆಸರು ಮೆತ್ತುವ ಸಂಗತಿ ಯಾವ ಲ್ಯಾಬಿನಲ್ಲೂ ಸಿಗುವಂಥದ್ದಲ್ಲ. ಅದು ಸಿಗುವುದು ಹಳ್ಳದಲ್ಲೇ, ರಾತ್ರಿಯೇ.

ಇದ್ದ ಜಾಗದಲ್ಲೇ ನೋಡಿದರೆ ಮಾತ್ರ ಅರ್ಥ ಎನ್ನುವುದು ಕುಮಟಾದ ಮಿರ್ಜಾನ ಕೋಟೆಗೂ ಹೊಂದುತ್ತದೆ. 2000-01ರಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿತು, ಫಿರಂಗಿ ಗುಂಡುಗಳು ಸಿಕ್ಕವು, ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕವು. ಪೇಪರಿನಲ್ಲಿ ನಾಣ್ಯಕ್ಕೆ ಜಾಸ್ತಿ ಜಾಗ. ನನಗೆ ಆ ಪಿಂಗಾಣಿಯೇ ದೊಡ್ಡದು. ಮೆಣಸು ಕೊಳ್ಳಲು ಎಷ್ಟು ದೂರದ ಸಾಮಾನು ನಮ್ಮ ಅಘನಾಶಿನಿ ದಡಕ್ಕೆ ಬರುತ್ತಿತ್ತು ಎಂಬುದನ್ನು ಅದು ತೋರಿಸುತ್ತದೆ, ಅದೂ ಯಾವ ಮಣ್ಣಿನ ಪದರದಲ್ಲಿ ಬಿದ್ದಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ. ಎತ್ತಿ ಜೇಬಿಗೆ ಹಾಕಿಕೊಂಡರೆ ಅದು ಒಡೆದ ಪಾತ್ರೆ, ಅಷ್ಟೇ. ಕೋಟೆ ನೋಡಲು ಹೋದ ಮಕ್ಕಳ ಕೈಯಲ್ಲಿ ಚೂರು ಕಂಡರೆ ಇದ್ದಲ್ಲೇ ಇಡಿಸಿ.

ಮತ್ತೆ ಕತ್ತಲೆಕಾನಿಗೆ ಬರುತ್ತೇನೆ. ಅಲ್ಲಿರುವುದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆದ ಜೌಗು ಕಾಡು. ಕೆಸರಿನಲ್ಲಿ ಉಸಿರಾಡಲೆಂದು ಬೇರುಗಳು ಮಂಡಿಯ ಹಾಗೆ ಮಡಚಿಕೊಂಡು ಮೇಲೆ ಬಂದಿರುತ್ತವೆ. ಗೇರಿನ ಕುಟುಂಬದ ಒಂದು ದೊಡ್ಡ ಮರವನ್ನು 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇಲ್ಲಿಂದಲೇ ಹೊಸದಾಗಿ ಗುರುತಿಸಿದರು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಕಪ್ಪೆಯಾದರೆ ಕಾಲಡಿ ಅಡಗುತ್ತದೆ ಅನ್ನಬಹುದು. ಕತ್ತೆತ್ತಿ ನೋಡಬೇಕಾದ ಮರವೂ ಅಷ್ಟು ವರ್ಷ ಹೆಸರಿಲ್ಲದೆ ನಿಂತಿತ್ತು! ಇಂಥ ಜಡ್ಡಿಗಳನ್ನು ಬಸಿದು ತೋಟ ಮಾಡಿದ್ದು ನಮ್ಮ ಹಿಂದಿನವರೇ. ಅವರನ್ನು ದೂರಲಾರೆ, ಹೊಟ್ಟೆಪಾಡು. ಆದರೆ ಅಲ್ಲಿ ಏನೇನಿತ್ತು ಎಂದು ಇನ್ನು ಯಾರನ್ನು ಕೇಳುವುದು? ಆ ಸಂಕಟ ನನಗೆ ಪ್ರತಿ ಮಳೆಗಾಲ ಬರುತ್ತದೆ.

ತೋಟದವರು ನನ್ನನ್ನು ಕೇಳುವುದು, ನಾವೇನು ಮಾಡಬೇಕು ಎಂದು. ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಹೊಡೆಯುವ ದಿನಗಳೂ ಕಪ್ಪೆಗಳು ಮರಿ ಮಾಡುವ ದಿನಗಳೂ ಒಂದೇ ಮಳೆಗಾಲದಲ್ಲಿ ಬರುತ್ತವೆ. ಮೈಲುತುತ್ತಿನಲ್ಲಿರುವುದು ತಾಮ್ರ, ಗೊದಮೊಟ್ಟೆಗೆ ಅದು ವಿಷ. ಮದ್ದು ಹೊಡೆಯಬೇಡಿ ಎನ್ನುತ್ತಿಲ್ಲ, ಅಡಿಕೆ ಉದುರಿದರೆ ವರ್ಷದ ಅನ್ನ ಹೋಯಿತು. ಡ್ರಮ್ಮು, ಪೈಪು ಹಳ್ಳದಲ್ಲಿ ಅದ್ದಿ ತೊಳೆಯಬೇಡಿ. ನಾಲ್ಕು ಕೊಡ ನೀರು ಮೇಲೆ ಹೊತ್ತು ತಂದು, ಹಳ್ಳದಿಂದ ದೂರ, ಹರಿದು ವಾಪಸ್ ಹೋಗದ ಕಡೆ ತೊಳೆಯಿರಿ. ಆ ಹಿರಿಯರ ಮನೆಯಲ್ಲಿ ಈಗ ಡ್ರಮ್ಮು ತೊಳೆಯುವುದು ಹಟ್ಟಿಯ ಹಿಂದಿನ ದಿಬ್ಬದ ಮೇಲೆ.